ಸಮುದ್ರಕ್ಕೆ ಇಳಿಸುವ ಬೋಟಿಗೆ 6061-ಟಿ6 ಪ್ಲೇಟ್ ಸಾಕಾ, 5083 ಬೇಕೇ ಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಆರು ಮೀಟರಿನ ಮೀನು ಹಿಡಿಯುವ ಬೋಟು, ಉಪ್ಪು ನೀರಿನಲ್ಲಿ ಓಡಬೇಕು, ಪೂರ್ತಿ ವೆಲ್ಡಿಂಗ್ ಮಾಡಿ ಕಟ್ಟುತ್ತೀರಿ. 6061, 5083 ಅನ್ನುವುದು ಅಲ್ಯೂಮಿನಿಯಂ ಅಲಾಯ್‌ಗಳ, ಅಂದರೆ ಬೇರೆ ಧಾತು ಬೆರೆಸಿದ ಅಲ್ಯೂಮಿನಿಯಂಗಳ ನಂಬರು; ಹಿಂದೆ ಬರುವ ಟಿ6, ಎಚ್116 ಅದನ್ನು ಹದ ಮಾಡಿದ ರೀತಿ. ಬಲದ ಅಂಕಿಗಳ ಟೇಬಲ್ ತೆಗೆದು ನೋಡಿದರೆ 6061-ಟಿ6 ಅಲ್ಯೂಮಿನಿಯಂ 5083ಗಿಂತ ಗಟ್ಟಿ. ಹಾಗಿದ್ದ ಮೇಲೆ ಎಲ್ಲರೂ 5083 ಅಂತ ಯಾಕೆ ಹೇಳುತ್ತಾರೆ?

ತಳಕ್ಕೂ ಪಕ್ಕದ ಗೋಡೆಗಳಿಗೂ 5083 ಅಥವಾ 5086 ಹಾಕಿ. 6061 ಬೇಡ. ನಾನು ಅಲ್ಯೂಮಿನಿಯಂ ವೆಲ್ಡಿಂಗ್ ಕೆಲಸದವನು, ಇದರಲ್ಲಿ ನನಗೆ ಎರಡು ಮನಸ್ಸಿಲ್ಲ. ನೀವು ನೋಡಿದ ಅಂಕಿ ಸರಿಯಾಗಿಯೇ ಇದೆ. ಆದರೆ ಅದು ವೆಲ್ಡಿಂಗ್ ಆಗುವ ಮೊದಲಿನ ಅಂಕಿ.

6061-ಟಿ6 ಸುಮಾರು 275 ಎಂಪಿಎ (ಮೆಗಾಪಾಸ್ಕಲ್, ಒತ್ತಡದ ಅಳತೆ) ಒತ್ತಡದವರೆಗೆ ಬಾಗದೆ ತಡೆಯುತ್ತದೆ. 5083-ಎಚ್116ಗೆ ಇದು 215ರ ಆಸುಪಾಸು. ಆದರೆ 6061ಗೆ ಆ ಬಲ ಬಂದಿದ್ದು ಕಾರ್ಖಾನೆಯಲ್ಲಿ ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ ಹದವಾಗಿ ಗಂಟೆಗಟ್ಟಲೆ ಕಾಯಿಸಿದ್ದರಿಂದ. ಆಗ ಮೆಗ್ನೀಸಿಯಂ ಮತ್ತು ಸಿಲಿಕಾನ್ ಸೇರಿ ಲೋಹದ ಒಳಗೆ ತೀರಾ ಸಣ್ಣ ಕಣಗಳಾಗಿ ಕೂತಿರುತ್ತವೆ. ವೆಲ್ಡಿಂಗಿನ ಬಿಸಿ ತಾಗಿದ ಕಡೆ ಆ ಕಣಗಳು ಕರಗುತ್ತವೆ, ಇಲ್ಲವೇ ದಪ್ಪವಾಗಿ ಕೆಲಸಕ್ಕೆ ಬಾರದಂತಾಗುತ್ತವೆ. ವೆಲ್ಡಿನ ಎರಡೂ ಪಕ್ಕ ಸುಮಾರು ಒಂದೊಂದು ಇಂಚು ಅಗಲದ ಪಟ್ಟಿ ಮೆತ್ತಗಾಗುತ್ತದೆ. ಅಲ್ಲಿ 275 ಇದ್ದದ್ದು ನೂರರ ಚಿಲ್ಲರೆಗೆ ಇಳಿಯುತ್ತದೆ. ಮುರಿಯುವ ಬಲವೂ 310ರಿಂದ 165ರ ಹತ್ತಿರ ಬಂದುಬಿಡುತ್ತದೆ. ಇಡೀ ಬೋಟನ್ನು ಮತ್ತೆ ಒಲೆಯಲ್ಲಿಟ್ಟು ಹದ ಮಾಡಲು ಆಗುವುದಿಲ್ಲ, ಅಲ್ವಾ?

5083ರ ಕಥೆ ಬೇರೆ. ಅದರಲ್ಲಿ 4ರಿಂದ 4.9 ಶೇಕಡಾ ಮೆಗ್ನೀಸಿಯಂ ಲೋಹದಲ್ಲೇ ಕರಗಿ ಕೂತಿರುತ್ತದೆ. ಬಲದ ಮುಖ್ಯ ಪಾಲು ಅದರದ್ದೇ. ವೆಲ್ಡಿಂಗಿನಲ್ಲಿ ಹೋಗುವುದು ರೋಲರಿನಲ್ಲಿ ಒತ್ತಿದ್ದರಿಂದ ಬಂದ ಬಲ ಮಾತ್ರ. ವೆಲ್ಡ್ ಆದ ಮೇಲೂ ಮುರಿಯುವ ಬಲ 270ರ ಸುತ್ತಮುತ್ತ ಉಳಿಯುತ್ತದೆ.

ನಂಬಿಕೆ ಬರದಿದ್ದರೆ ಎರಡೂ ಬಗೆಯ ತುಂಡುಗಳನ್ನು ಜೋಡಿಸಿ ವೆಲ್ಡ್ ಮಾಡಿ, ವೈಸಿನಲ್ಲಿ ಹಿಡಿದು ಬಗ್ಗಿಸಿ ನೋಡಿ. 6061ರಲ್ಲಿ ಬಾಗೆಲ್ಲ ವೆಲ್ಡಿನ ಪಕ್ಕದ ಆ ಮೆತ್ತಗಿನ ಪಟ್ಟಿಯಲ್ಲೇ ಸೇರಿಕೊಳ್ಳುತ್ತದೆ, ಬಿರುಕೂ ಅಲ್ಲೇ ಬಿಡುತ್ತದೆ. ವೆಲ್ಡ್ ಮಾತ್ರ ನೋಡಲು ಚೆನ್ನಾಗಿಯೇ ಇರುತ್ತದೆ. 5083ರಲ್ಲಿ ಬಾಗು ಜಾಸ್ತಿ ಹರಡಿಕೊಳ್ಳುತ್ತದೆ. ಅಲೆಗೆ ಬಡಿಸಿಕೊಳ್ಳುವ ತಳಕ್ಕೆ ಬೇಕಾದ ಗುಣ ಇದೇ.

ಹಾಗಂತ 6061 ಕೆಟ್ಟದ್ದಲ್ಲ. ಕೈಹಿಡಿಯ ಪೈಪು, ಕಂಬ, ಬೋಲ್ಟ್ ಹಾಕಿ ಕೂರಿಸುವ ಬ್ರಾಕೆಟ್, ಲೇತಿನಲ್ಲಿ ಕಡೆಯುವ ಭಾಗಗಳಿಗೆ ಅದೇ ಸರಿ. 5083ಯನ್ನು ಅಚ್ಚಿನಲ್ಲಿ ತೂರಿಸಿ ಪೈಪು, ಆಂಗಲ್ ಮಾಡುವುದು ಕಷ್ಟ. ಅದಕ್ಕೇ ಆ ಆಕಾರಗಳೆಲ್ಲ 6061, 6082ರಲ್ಲೇ ಸಿಗುತ್ತವೆ. 5052 ಚೆನ್ನಾಗಿ ಬಾಗುತ್ತದೆ, ಉಪ್ಪಿಗೂ ಹೆದರುವುದಿಲ್ಲ, ಆದರೆ ಬಲ ಕಡಿಮೆ. ಇಂಧನದ ಟ್ಯಾಂಕಿಗೆ, ಕ್ಯಾಬಿನ್ನಿಗೆ ಒಳ್ಳೆಯದು. 2024, 7075ರ ಹತ್ತಿರ ಹೋಗಲೇಬೇಡಿ. ಅವುಗಳಲ್ಲಿ ತಾಮ್ರ ಜಾಸ್ತಿ, ಸಮುದ್ರದ ನೀರು ತಿಂದುಹಾಕುತ್ತದೆ.

ಈಗ ಬಹಳ ಜನ ಗಮನಿಸದ ವಿಷಯ. ಬರೀ 5083 ಅಂತ ಕೇಳಿ ಪ್ಲೇಟ್ ತರಬೇಡಿ. ಎಚ್116 ಅಥವಾ ಎಚ್321 ಅಂತ ಇರಬೇಕು, ಸಮುದ್ರಕ್ಕೆ ಬಳಸುವ ಪ್ಲೇಟಿನ ಮಾನದಂಡವಾದ ಎಎಸ್‌ಟಿಎಂ ಬಿ928 ಪ್ರಕಾರ ಪರೀಕ್ಷೆ ಆಗಿರಬೇಕು. ಮೆಗ್ನೀಸಿಯಂ 3 ಶೇಕಡಾ ದಾಟಿದ ಅಲಾಯ್‌ಗಳನ್ನು 65 ಡಿಗ್ರಿ ಸೆಲ್ಸಿಯಸ್ ಮೇಲೆ ಬಹಳ ಕಾಲ ಇಟ್ಟರೆ ಆ ಮೆಗ್ನೀಸಿಯಂ ಲೋಹದ ಹರಳುಗಳ ಅಂಚಿಗೆ ಬಂದು ಸೇರುತ್ತದೆ. ಆಮೇಲೆ ಉಪ್ಪು ನೀರು ಆ ಅಂಚನ್ನೇ ಹಿಡಿದು ಒಳಗೆ ತಿನ್ನುತ್ತಾ ಹೋಗುತ್ತದೆ. ಅಮೆರಿಕದ ನೌಕಾಪಡೆಯ ಟೈಕಾಂಡರೋಗಾ ವರ್ಗದ ಹಡಗುಗಳ ಮೇಲ್ಕಟ್ಟಡದಲ್ಲಿ ಇದೇ ಜಾತಿಯ 5456 ಇತ್ತು. ಅಲ್ಲಿ ಬಿರುಕುಗಳ ರಿಪೇರಿ ವರ್ಷಗಟ್ಟಲೆ ನಡೆದಿದೆ. ನಿಮ್ಮ ಬೋಟಿನಲ್ಲಿ ಇಂಜಿನ್ನಿನ ಹೊಗೆ ಕೊಳವೆಯ ಪಕ್ಕ 5083 ಬೇಡ. ಅಲ್ಲಿ ಮೆಗ್ನೀಸಿಯಂ 3 ಶೇಕಡಾಕ್ಕಿಂತ ಕಡಿಮೆ ಇರುವ 5052 ಹಾಕಿ.

ವೆಲ್ಡಿಂಗ್ ವಯರ್ 5183 ಇರಲಿ, ಇಲ್ಲದಿದ್ದರೆ 5356. 4043 ಸುಲಭವಾಗಿ ಹರಿಯುತ್ತದೆ ಅಂತ ಯಾರಾದರೂ ಕೊಟ್ಟರೆ 5083ಗೆ ಬಳಸಬೇಡಿ. ಅದರ ಸಿಲಿಕಾನು ಪ್ಲೇಟಿನ ಮೆಗ್ನೀಸಿಯಂ ಜೊತೆ ಸೇರಿ ವೆಲ್ಡನ್ನು ಪೆಡಸು ಮಾಡುತ್ತದೆ. ಮೊದಲು ಅಸಿಟೋನಿನಿಂದ ಎಣ್ಣೆ ಒರೆಸಿ, ಆಮೇಲೆ ಸ್ಟೀಲ್ ಬ್ರಷ್‌ನಿಂದ ಉಜ್ಜಿ. ಮೊದಲೇ ಉಜ್ಜಿದರೆ ಎಣ್ಣೆಯನ್ನು ಲೋಹಕ್ಕೆ ತಿಕ್ಕಿದ ಹಾಗೆ ಆಗುತ್ತದೆ. ಬ್ರಷ್ ಸ್ಟೇನ್‌ಲೆಸ್ ಇರಬೇಕು, ಕಬ್ಬಿಣಕ್ಕೆ ಬಳಸಿದ್ದು ಬೇಡ.

ಎಷ್ಟೇ ಒಳ್ಳೆಯ ಅಲಾಯ್ ತಂದರೂ ಉಪ್ಪು ನೀರಿನಲ್ಲಿ ತಾಮ್ರದ ಜೊತೆ ಇಟ್ಟರೆ ಅಲ್ಯೂಮಿನಿಯಂ ಸವೆದುಹೋಗುತ್ತದೆ, ಉಳಿಯುವುದಿಲ್ಲ. ತಳಕ್ಕೆ ತಾಮ್ರ ಇರುವ ಪಾಚಿ ನಿರೋಧಕ ಬಣ್ಣ ಬೇಡ. ಹಿತ್ತಾಳೆಯಲ್ಲೂ ತಾಮ್ರ ಇದೆ, ಅದರ ವಾಲ್ವನ್ನು ನೇರ ಕೂರಿಸಬೇಡಿ. ಸ್ಟೇನ್‌ಲೆಸ್ ಬೋಲ್ಟಿಗೆ ನೈಲಾನ್ ಬುಷ್, ವಾಷರ್ ಹಾಕಿ. ಸತುವಿನ ಅಥವಾ ಅಲ್ಯೂಮಿನಿಯಂನ ಆನೋಡ್ (ಬೋಟಿನ ಬದಲು ತಾನೇ ಸವೆಯುವ ಲೋಹದ ತುಂಡು) ಕಟ್ಟಿ, ಅದಕ್ಕೆ ಮಾತ್ರ ಬಣ್ಣ ಬಳಿಯಬೇಡಿ.

ಗಟ್ಟಿ ಅಲಾಯ್ ತಂದೆ ಅಂತ ನಕ್ಷೆಯಲ್ಲಿರುವ ದಪ್ಪವನ್ನೂ ಕಡಿಮೆ ಮಾಡಬೇಡಿ. ಬಿಗುವಿನಲ್ಲಿ, ಅಂದರೆ ಭಾರ ಬಿದ್ದಾಗ ಬಳುಕದೆ ಇರುವುದರಲ್ಲಿ, ಈ ಎಲ್ಲ ಅಲಾಯ್‌ಗಳೂ ಹೆಚ್ಚುಕಡಿಮೆ ಒಂದೇ, ಸುಮಾರು 70 ಜಿಪಿಎ (ಒಂದು ಜಿಪಿಎ ಅಂದರೆ ಸಾವಿರ ಎಂಪಿಎ), ಉಕ್ಕಿನ ಮೂರನೇ ಒಂದು ಪಾಲು. ತೆಳು ಪ್ಲೇಟ್ ಯಾವುದೇ ಇದ್ದರೂ ಅಲೆಗೆ ಅದುರುತ್ತದೆ. ಪ್ಲೇಟ್ ಬಂದಾಗ ಸರ್ಟಿಫಿಕೇಟಿನ ನಂಬರನ್ನೂ ಪ್ಲೇಟಿನ ಮೇಲಿನ ಮುದ್ರೆಯನ್ನೂ ತಾಳೆ ನೋಡಿ. ಕತ್ತರಿಸಿದ ಪ್ರತಿ ತುಂಡಿನ ಮೇಲೂ ಮಾರ್ಕರಿನಿಂದ ಅಲಾಯ್ ಬರೆಯಿರಿ. ಒಂದು ಸಲ ಬೆರೆತರೆ 5083 ಯಾವುದು, 6061 ಯಾವುದು ಅಂತ ಕಣ್ಣಿನಿಂದ ಹೇಳಲು ಆಗುವುದಿಲ್ಲ.