ಸ್ಮಿತ್, ಫೆರಾರಿ, ಹದ್ದಾದ್: ಈ ಮೂರು ಅಡ್ಡಹೆಸರುಗಳಿಗೂ ಒಂದೇ ಅರ್ಥವೇ?

ಹೌದು. ಇಂಗ್ಲಿಷಿನ ಸ್ಮಿತ್, ಜರ್ಮನಿಯ ಶ್ಮಿಟ್, ಹಂಗೇರಿಯ ಕೊವಾಚ್, ಇಟಲಿಯ ಫೆರಾರಿ, ಅರಬ್ಬಿಯ ಹದ್ದಾದ್ ಇವೆಲ್ಲವೂ ಕಮ್ಮಾರಿಕೆಯಿಂದ ಹುಟ್ಟಿದ ಅಡ್ಡಹೆಸರುಗಳು. ಹಾಗೆಂದು ಇವು ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದಗೊಂಡವಲ್ಲ. ಕಮ್ಮಾರನಿಲ್ಲದೆ ಊರಿನ ಕೆಲಸ ಸಾಗುತ್ತಿರಲಿಲ್ಲವಾದ್ದರಿಂದ, ಒಂದೇ ಹೆಸರಿನ ನಾಲ್ಕು ಜನರ ನಡುವೆ ಅವನನ್ನು ಕಸುಬಿನಿಂದ ಗುರುತಿಸುವುದು ಎಲ್ಲೆಡೆಯೂ ಸುಲಭವಾಗಿತ್ತು, ಮತ್ತು ಆ ಗುರುತು ಕ್ರಮೇಣ ಕುಲುಮೆಯನ್ನು ಕಣ್ಣಿನಿಂದಲೂ ಕಾಣದ ಮೊಮ್ಮಕ್ಕಳಿಗೂ ಅಂಟಿಕೊಂಡಿತು.

ಇರುವ ನೆಲದಿಂದ ಬಂದ ಹೆಸರುಗಳೂ ಇವೆ: ಜಪಾನಿನ ತನಾಕಾ ಎಂದರೆ ಗದ್ದೆಯ ನಡು, ಯಮಮೊತೊ ಎಂದರೆ ಬೆಟ್ಟದ ಬುಡ. ಐಸ್‌ಲ್ಯಾಂಡಿನಲ್ಲಿ ಮಾತ್ರ ಇಂದಿಗೂ ಹೆಚ್ಚಿನವರಿಗೆ ಮನೆತನದ ಹೆಸರೇ ಇಲ್ಲ. ಅಲ್ಲಿ ಯೋನ್ ಎಂಬವನ ಮಗ ಯೋನ್ಸನ್, ಮಗಳು ಯೋನ್ಸ್‌ಡೋಟಿರ್ ಆಗುವುದರಿಂದ ಒಡಹುಟ್ಟಿದ ಅಣ್ಣತಂಗಿಯರ ಕೊನೆಯ ಹೆಸರೂ ಬೇರೆಬೇರೆಯಾಗಿರುತ್ತದೆ; ದೂರವಾಣಿ ಪುಸ್ತಕದಲ್ಲಿಯೂ ಜನರನ್ನು ಮೊದಲ ಹೆಸರಿನಿಂದಲೇ ಹುಡುಕಬೇಕಾಗುತ್ತಿತ್ತು.

ಅಡ್ಡಹೆಸರೆಂದರೆ ತಲೆತಲಾಂತರದ್ದು ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಜಪಾನ್ ಅದನ್ನು ಎಲ್ಲರಿಗೂ ಕಡ್ಡಾಯಗೊಳಿಸಿದ್ದು 1875ರಲ್ಲಿ. ಟರ್ಕಿ 1934ರಲ್ಲಿ ಕಾನೂನು ತಂದಾಗ ಅಲ್ಲಿನ ಸಂಸತ್ತು ದೇಶದ ಅಂದಿನ ಅಧ್ಯಕ್ಷ ಮುಸ್ತಫಾ ಕೆಮಾಲನಿಗೆ ನೀಡಿದ ಅತಾತುರ್ಕ್ ಎಂಬ ಹೆಸರಿಗೆ ತುರ್ಕರ ತಂದೆ ಎಂದರ್ಥ.

ಇಟ್ಟ ಹೆಸರುಗಳ ದಾರಿ ಬೇರೆ, ಅವು ಧರ್ಮದ ಜೊತೆಗೆ ಸಂಚರಿಸುತ್ತವೆ. ಪೀಟರ್, ಪಿಯೆರ್, ಪೆದ್ರೊ ಮೂರರ ಮೂಲವೂ ಕಲ್ಲು ಎಂಬ ಅರ್ಥದ ಗ್ರೀಕ್ ಪದ ಪೆತ್ರೋಸ್. ಅದಾದರೋ ಅರಮೇಯಿಕ್ ಭಾಷೆಯ ಕೇಫಾ ಎಂಬುದರ ನೇರ ಅನುವಾದವೇ ಆಗಿದೆ.