ಅಲಂಕಾರದ ಹೆಸರು ತಪ್ಪಿದರೆ ಚಿಂತೆಯಿಲ್ಲ, ಹೋಲಿಕೆ ತಪ್ಪಬಾರದು

ಧಾರವಾಡ

ಪ್ರಿಯರೇ,

ನಿಮ್ಮ ‘ಕೆಂಪು ರಾಶಿ’ ಕಥೆಯನ್ನು ಎರಡು ಸಲ ಓದಿದೆ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ತಾಯಿ, ಶಾಲೆ ಬಿಟ್ಟು ಅವಳ ಪಕ್ಕದಲ್ಲೇ ಕೂರಬೇಕಾದ ಮಗಳು. ವಸ್ತು ಗಟ್ಟಿಯಾಗಿದೆ. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲಾರೆ.

ಕಥೆಯ ಜೊತೆಗೆ ಅದರಲ್ಲಿರುವ ಅಲಂಕಾರಗಳ ಪಟ್ಟಿಯನ್ನೂ ಕಳಿಸಿದ್ದೀರಿ. ‘ಅಂಗಳಕ್ಕೆ ಬೆಂಕಿ ಬಿದ್ದಿದೆಯೋ ಎಂಬಂತೆ ಕಾಯಿ ಹರವಿತ್ತು’ ಎಂಬುದನ್ನು ರೂಪಕ ಎಂದಿದ್ದೀರಿ. ರಾಶಿಯೇ ಬೆಂಕಿ ಎಂದಿದ್ದರೆ ರೂಪಕ. ಬೆಂಕಿಯೋ ಏನೋ ಎಂದು ಕಲ್ಪಿಸಿದ್ದರಿಂದ ಅದು ಉತ್ಪ್ರೇಕ್ಷೆ. ಈ ತಪ್ಪು ದೊಡ್ಡದಲ್ಲ. ನನ್ನನ್ನು ತಡೆದದ್ದು ಬೇರೆ.

‘ಅವ್ವನ ಮಾತು ಬ್ಯಾಡಗಿ ಕಾಯಿಯಂತೆ ಖಾರ.’ ಉಪಮೇಯ (ಮಾತು), ಉಪಮಾನ (ಕಾಯಿ), ಉಪಮಾವಾಚಕ (ಅಂತೆ), ಸಮಾನಧರ್ಮ (ಖಾರ) ನಾಲ್ಕೂ ಇರುವುದರಿಂದ ಇದು ಪೂರ್ಣೋಪಮೆ. ಆದರೆ ಸಮಾನಧರ್ಮವೇ ಸುಳ್ಳು! ಬ್ಯಾಡಗಿ ಕಾಯಿ ಹೆಸರುವಾಸಿಯಾಗಿರುವುದು ಕಡುಗೆಂಪು ಬಣ್ಣಕ್ಕೆ. ಅದರ ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಕಾಯಿ ಅದು. ಆ ರಾಶಿಗಳ ನಡುವೆ ಬೆಳೆದ ಹುಡುಗಿಯ ಬಾಯಲ್ಲಿ ಈ ಹೋಲಿಕೆ ಬರುವುದಿಲ್ಲ. ಇದ್ದದ್ದನ್ನು ಇದ್ದಂತೆ ಹಿಡಿದು ನೋಡಿ: ಸಿಟ್ಟು ಬಂದಾಗ ಮುಖವೆಲ್ಲ ಕೆಂಪು, ಆದರೆ ಮಾತು ಯಾರನ್ನೂ ಸುಡದು. ಆಗ ಅದೇ ಕಾಯಿ ನಿಮ್ಮ ಅವ್ವನ ಸ್ವಭಾವವನ್ನೇ ತೋರಿಸುತ್ತದೆ. ಉಪಮೆ ಎದುರಾದಾಗಲೆಲ್ಲ ಯಾವ ಗುಣ ಇಬ್ಬರಿಗೂ ಸಮಾನ, ಅದನ್ನು ನೋಡುತ್ತಿರುವ ಕಣ್ಣು ಯಾರದು ಎಂದು ಕೇಳಿಕೊಳ್ಳಿ. ಸಂಪಿಗೆ ಮೂಗು, ತಾವರೆ ಕಣ್ಣು ಈ ಪ್ರಶ್ನೆಯ ಮುಂದೆ ತಾವಾಗಿಯೇ ಉದುರುತ್ತವೆ.

ನಿಮ್ಮ ಪಟ್ಟಿಗೆ ಸೇರದೆ ಉಳಿದವೂ ಇವೆ. ‘ಚೀಲದ ಬಾಯಿ’ ಬಳಸಿ ಸವೆದ ರೂಪಕ. ‘ಮಾರುಕಟ್ಟೆಯೆಲ್ಲ ಗೊಳ್ಳೆಂದಿತು’ ಎಂಬಲ್ಲಿ ಲಕ್ಷಣೆಯಿದೆ, ಹೇಳಿದ್ದು ಜಾಗದ ಹೆಸರು, ನಕ್ಕವರು ಅಲ್ಲಿನ ಜನ. ಇವು ಸದ್ದಿಲ್ಲದೆ ಕೆಲಸ ಮಾಡುತ್ತಿವೆ, ಹಾಗೆಯೇ ಇರಲಿ.

ಇಡೀ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲು ಮೂರನೇ ಪುಟದಲ್ಲಿದೆ: ‘ಅವ್ವ ಕಣ್ಣು ಒರೆಸಿಕೊಳ್ಳಲಿಲ್ಲ, ಕೈಗೆ ಖಾರ ಹತ್ತಿತ್ತು.’ ಖಾರ ಕಡಿಮೆಯಿದ್ದರೂ ದಿನವಿಡೀ ತೊಟ್ಟು ಬಿಡಿಸಿದ ಕೈಯನ್ನು ಕಣ್ಣಿಗೆ ತರಲಾಗದು. ಅತ್ತಳೆಂದು ನೀವು ಹೇಳಿಲ್ಲ, ಆದರೂ ತಿಳಿಯಿತು. ಅಳುವುದಕ್ಕೂ ಅವಳಿಗೆ ಬಿಡುವಿಲ್ಲವೆಂಬುದೂ ತಿಳಿಯಿತು. ಹೀಗೆ ಹೇಳದೆಯೇ ತಿಳಿಸುವುದು ಧ್ವನಿ. 9ನೇ ಶತಮಾನದ ಕವಿರಾಜಮಾರ್ಗ ಧ್ವನಿಯನ್ನೂ ಅಲಂಕಾರವೆಂದೇ ಎಣಿಸಿದೆ, ನಿಮ್ಮ ಪಟ್ಟಿಯಲ್ಲಿ ಮಾತ್ರ ಈ ಸಾಲು ಇಲ್ಲ. ಅದರ ಬೆನ್ನಿಗೇ ‘ಕಣ್ಣೀರು ನದಿಯಂತೆ ಹರಿಯಿತು’ ಎಂದು ಬರೆದು ಗಳಿಸಿದ್ದನ್ನೆಲ್ಲ ಕಳೆದುಕೊಂಡಿದ್ದೀರಿ. ಆ ಸಾಲನ್ನು ದಯವಿಟ್ಟು ಹೊಡೆದುಹಾಕಿ.

ಮೊದಲ ಪುಟದ ಒಂಬತ್ತು ಉಪಮೆಗಳಲ್ಲಿ ಎರಡನ್ನು ಉಳಿಸಿಕೊಳ್ಳಿ. ಯಾವ ಎರಡು ಎಂಬುದನ್ನು ನೀವೇ ಆರಿಸಬೇಕು. ಹರಾಜಿನ ಸನ್ನಿವೇಶವನ್ನು ಮುಟ್ಟಬೇಡಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ, ಈ ಸಲ ಪಟ್ಟಿ ಬೇಡ.

ವಿಶ್ವಾಸದಿಂದ,
ಸಂಪಾದಕ