ಚೀಲದ ತಳದಲ್ಲಿದ್ದ ಪತ್ರ

ಅಮ್ಮ ಒಂದು ನಿಮಿಷಕ್ಕೂ ಜಾಸ್ತಿ ಮಾತಾಡಿದರು. ನಡುವೆ ಕಣ್ಣೊರೆಸಿಕೊಂಡರು. ಪಕ್ಕದಲ್ಲಿದ್ದ ಮಗಳು ನನ್ನ ಕಡೆ ತಿರುಗಿ, "ರಾತ್ರಿ ನಿದ್ದೆ ಬರಲ್ವಂತೆ" ಅಂದಳು. ಅಷ್ಟೇ.

ಅಷ್ಟು ಮಾತಿಗೆ ಇಷ್ಟೇ ಅರ್ಥ ಇರೋಕೆ ಸಾಧ್ಯ ಇಲ್ಲ, ಅಲ್ವಾ? ಭೇಟಿಯನ್ನು ಅಲ್ಲಿಗೇ ನಿಲ್ಲಿಸಿದೆ.

ನಿರಾಶ್ರಿತರ ಕುಟುಂಬಗಳಿಗೆ ಸಲಹೆ ಕೊಡುವುದು ನನ್ನ ಕೆಲಸ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಯುದ್ಧದಿಂದ ತಪ್ಪಿಸಿಕೊಂಡು ಬಂದ ತಾಯಿ, 13 ವರ್ಷದ ಮಗಳು, ಪುಟ್ಟ ಮಗ. ಹೊಸ ದೇಶಕ್ಕೆ ಬಂದು ಎರಡು ವರ್ಷ. ನಿರಾಶ್ರಿತರೆಂಬ ಮಾನ್ಯತೆ ಸಿಕ್ಕಿದೆ. ಗಂಡ ಮಾತ್ರ ದಾರಿಯ ಇನ್ನೊಂದು ದೇಶದಲ್ಲಿ ಸಿಕ್ಕಿಕೊಂಡಿದ್ದಾರೆ. ಅವರನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದರು.

ಮುಂದಿನ ಸಲ ಫೋನಿನಲ್ಲಿ ದುಭಾಷಿಯನ್ನು ಗೊತ್ತು ಮಾಡಿ, ಮಗಳನ್ನು ಹೊರಗೆ ಕೂರಿಸಿದೆ. ಆಗ ನಿಜವಾದ ದೂರು ಬಂತು. ಮಗಳ ಮಾರ್ಕ್ಸ್ ಬೀಳುತ್ತಿದೆ, ಮಾತೆತ್ತಿದರೆ ಸಿಡುಕುತ್ತಾಳೆ. "ಇಲ್ಲಿನ ಭಾಷೆ ಅರಳು ಹುರಿದ ಹಾಗೆ ಮಾತಾಡ್ತಾಳೆ. ಓದೋಕೆ ಏನು ಕಷ್ಟ?"

ಮಾತು ಬೇರೆ, ಪಾಠ ಬೇರೆ ಅಂದೆ. ಕೆನಡಾದ ಸಂಶೋಧಕ ಜಿಮ್ ಕಮಿನ್ಸ್ ತೋರಿಸಿಕೊಟ್ಟ ಹಾಗೆ, ಹೊಸ ಭಾಷೆಯಲ್ಲಿ ಹರಟಲು ಮಕ್ಕಳಿಗೆ ಸುಮಾರು 2 ವರ್ಷ ಸಾಕು. ಪಾಠದ ಭಾಷೆಯಲ್ಲಿ ಓರಗೆಯವರ ಸಮಕ್ಕೆ ಬರಲು 5ರಿಂದ 7 ವರ್ಷ ಬೇಕಾಗುತ್ತದೆ. ತಾಯಿ ಸುಮ್ಮನಾದರು.

ಆಮೇಲೆ ಮಗಳೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದೆ. ಅವಳು ಶಾಲೆಯ ಚೀಲದ ತಳದಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದಳು. ಮಡಿಕೆಯಲ್ಲಿ ಹರಿದು, ಅಂಟುಪಟ್ಟಿ ಹಾಕಿತ್ತು. ಅಪ್ಪನ ಅರ್ಜಿ ತಿರಸ್ಕಾರವಾಗಿತ್ತು. ಮದುವೆಯ ದಾಖಲೆ ಸಾಲದಂತೆ. ಮೂರು ವಾರದಿಂದ ಅಮ್ಮನಿಗೆ "ಇನ್ನೂ ನೋಡ್ತಿದಾರಂತೆ" ಅಂತ ಹೇಳಿಕೊಂಡು ಬಂದಿದ್ದಳು.

"ಹೇಳಿದ್ರೆ ಅಮ್ಮ ಮತ್ತೆ ಊಟ ಬಿಡ್ತಾಳೆ."

ಕಚೇರಿ, ಆಸ್ಪತ್ರೆ, ಬ್ಯಾಂಕು ಎಲ್ಲ ಕಡೆ ಈ ಮಗುವೇ ಬಾಯಿ. ಪತ್ರ ಬಂದರೆ ಮೊದಲು ಓದುವವಳೂ ಅವಳೇ. ಮಗು ಚೂಟಿ ಅಂತ ಎಲ್ಲರೂ ಹೊಗಳುತ್ತಾರೆ. ನನಗೆ ಆ ಹೊಗಳಿಕೆ ಕೇಳಿದರೆ ಸಿಟ್ಟು ಬರುತ್ತದೆ.

ಇಲ್ಲಿ ಗುಟ್ಟು ಕಾಯುವುದಕ್ಕಿಂತ ದೊಡ್ಡ ಚಿಂತೆ ಇತ್ತು: ಅಪೀಲಿನ ಗಡುವು. ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಪ್ಪಂದದ ಕಲಮುಗಳಲ್ಲಿ ಕುಟುಂಬವನ್ನು ಕರೆಸಿಕೊಳ್ಳುವ ಹಕ್ಕೇ ಇಲ್ಲ. ಅದನ್ನು ಒಪ್ಪಿದ ಸಮ್ಮೇಳನದ ಅಂತಿಮ ದಾಖಲೆಯಲ್ಲಿ ಬರೀ ಶಿಫಾರಸು ಇದೆ. ಹಾಗಾಗಿ ದೇಶಕ್ಕೊಂದು ನಿಯಮ, ದೇಶಕ್ಕೊಂದು ಗಡುವು. "ಅಮ್ಮನಿಗೆ ಹೇಳೋಣ, ನಾನು ಪಕ್ಕದಲ್ಲೇ ಇರ್ತೀನಿ" ಅಂದೆ. ಅವಳೇ ಹೇಳಿದಳು. ಅಮ್ಮ ಬೈಯಲಿಲ್ಲ. ಕಾಗದವನ್ನು ತೊಡೆಯ ಮೇಲಿಟ್ಟು ಕೈಯಿಂದ ನೀವಿ ನೀವಿ ನೇರ ಮಾಡಿದರು.

ಅದೇ ದಿನ ಉಚಿತ ಕಾನೂನು ನೆರವಿನ ವಕೀಲರಿಗೆ ಫೋನು ಮಾಡಿದೆವು. ಗಡುವಿಗೆ ಇನ್ನೂ ನಾಲ್ಕು ದಿನ ಇತ್ತು.

ತಾಯಿಗೆ ಕೊಟ್ಟ ಸಲಹೆ ಇಷ್ಟು. ಬಸ್ಸಿನ ಬೋರ್ಡು, ಅಂಗಡಿಯ ಲೇಬಲ್ಲು ಮಗಳು ಓದಿಹೇಳಲಿ, ತೊಂದರೆ ಇಲ್ಲ. ವೈದ್ಯರು, ಪೊಲೀಸರು, ವಕೀಲರ ಮುಂದೆ ಮಾತ್ರ ದುಭಾಷಿ ಬೇಕೆಂದು ನೀವೇ ಕೇಳಿ. ಆ ಒಂದು ವಾಕ್ಯವನ್ನು ಇಲ್ಲಿನ ಭಾಷೆಯಲ್ಲಿ ಬಾಯಿಪಾಠ ಮಾಡಿಸಿದೆ. ಸರ್ಕಾರದ ಲಕೋಟೆ ಒಡೆಯದೆ ನೆರವು ಕಚೇರಿಗೆ ಒಯ್ಯಿರಿ. ಮನೆಯಲ್ಲಿ ನಿಮ್ಮ ಭಾಷೆಯಲ್ಲೇ ಮಾತಾಡಿ, ಅಲ್ಲಿ ನೀವೇ ದೊಡ್ಡವರು.

ಅಪೀಲು ಇನ್ನೂ ಇತ್ಯರ್ಥವಾಗಿಲ್ಲ. ಮಾರ್ಕ್ಸೂ ಹಾಗೇ ಇದೆ. ಹೋದ ವಾರ ಭೇಟಿ ಮುಗಿದಾಗ ಹೊರಗೆ ಕೂತಿದ್ದ ಮಗಳು, "ಅಮ್ಮ ಏನಂದ್ಲು?" ಅಂತ ನನ್ನ ಕೇಳಿದಳು. ನಾನು ಅಮ್ಮನ ಕಡೆ ಕೈ ತೋರಿಸಿದೆ. ಅಮ್ಮ ತಮ್ಮ ಭಾಷೆಯಲ್ಲಿ ಏನೋ ಅಂದರು. ಹುಡುಗಿ ನಕ್ಕಳು. ನನಗೆ ಅನುವಾದ ಮಾಡಲಿಲ್ಲ.